ಬೀಗಿತ್ತಿಯ ಬಣ

ಒಮ್ಮೆ ಆರಿಸಿಕೊಂಡ ಬಣವನ್ನು ಮತ್ತೆ ಬದಲಾಯಿಸಲಾಗದು ಎಂದು ಫೋನಿನಲ್ಲಿದ್ದ ಯುದ್ಧದಾಟದ ಪರದೆಯ ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಪಲುಪಿ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಈ ಮಾತಿಗೆ ಬೇರೆ ಏನಾದರೂ ಅರ್ಥವಿರಬಹುದೇ ಎಂಬಂತೆ ಇನ್ನೊಂದು ಸಲ ಓದಿದಳು. ರೈಲು ಸೆಮಾರಾಂಗ್ ಬಿಟ್ಟು ಇಪ್ಪತ್ತು ನಿಮಿಷವಾಗಿತ್ತು. ಪೆಕಲೋಂಗನ್ ಬರುವಷ್ಟರಲ್ಲಿ ಅವಳು ಈ ನಾಲ್ಕರಲ್ಲಿ ಒಂದನ್ನು ಆರಿಸಿರಬೇಕಿತ್ತು. ಬೂದು ಬಾವುಟದ ಕೆಳಗೆ ಬೆಟ್ಟದ ಕಮ್ಮಾರ ಸುತ್ತಿಗೆ ಹಿಡಿದು ನಿಂತಿದ್ದ. ಮುಟ್ಟಿದರೆ, "ನಮ್ಮ ಗೋಡೆ ಬೀಳುವುದಿಲ್ಲ" ಎಂದು ಗಡ್ಡದೊಳಗಿಂದ ಗುಡುಗುತ್ತಿದ್ದ. ಹಸಿರು ಬಾವುಟದ ಬಿಲ್ಲುಗಾರ್ತಿ, "ನೀನು ನೋಡುವ ಮೊದಲೇ ನಾನು ನೋಡಿರುತ್ತೇನೆ" ಎನ್ನುತ್ತಿದ್ದಳು. ನೀಲಿ ಬಾವುಟದ್ದು ಜೌಗುನಾಡಿನ ವೈದ್ಯೆ. ಕಂದೀಲು ಹಿಡಿದ, ಶಾಂತ ಮುಖದ ಹೆಂಗಸು. "ಬಿದ್ದವರನ್ನು ನಾನು ಎಬ್ಬಿಸುತ್ತೇನೆ." ಕೆಂಪು ಬಾವುಟದ ಕೆಳಗೆ ಉರಿಯುವ ಜೂಲಿನ ಕುದುರೆ, ಅದರ ಮೇಲೆ ಕೆನ್ನೆಯಲ್ಲಿ ಗಾಯದ ಗೆರೆಯಿದ್ದ ಒಬ್ಬಳು. ಅವಳು ತನ್ನ ಬಗ್ಗೆ ಏನೂ ಹೇಳಿಕೊಳ್ಳದೆ ಸುಮ್ಮನೆ ನಕ್ಕು, "ಹೊರಡೋಣವೇ?" ಎಂದು ಕೇಳುತ್ತಿದ್ದಳು. ಪಲುಪಿ ಒಬ್ಬರನ್ನು ಮುಟ್ಟಿ ಮಾತು ಕೇಳಿ, ಹಿಂದಕ್ಕೆ ಬಂದು, ಇನ್ನೊಬ್ಬರನ್ನು ಮುಟ್ಟುವಳು. ಹಾಗೆ ಹಿಂದಕ್ಕೆ ಬರುವಾಗಲೆಲ್ಲ ಬಿಟ್ಟು ಬಂದವರ ಮುಖ ಸಪ್ಪಗಾದಂತೆ ಕಂಡು, ಅವರಿಗೆ ಬೇಸರವಾಗದಿರಲೆಂದು ಮತ್ತೊಮ್ಮೆ ಅವರನ್ನೂ ಮುಟ್ಟುವಳು. ಮೂವತ್ತು ವರ್ಷ ಗ್ರಂಥಾಲಯದ ಕೌಂಟರಿನ ಹಿಂದೆ ಕೂತವಳಿಗೆ ಇದು ಹೊಸ ರೋಗವೇನಲ್ಲ. ಯಾರೂ ಒಯ್ಯದ ಪುಸ್ತಕಗಳನ್ನು ಅವಳು ತಿಂಗಳಿಗೊಂದರಂತೆ ತನ್ನ ಹೆಸರಿಗೇ ಬರೆದುಕೊಂಡು ಮನೆಗೆ ತಂದು, ಓದದೆ, ಒರೆಸಿ, ಹಿಂದಕ್ಕೆ ಒಯ್ದಿಡುತ್ತಿದ್ದಳು.

ಇದೆಲ್ಲ ಒಂದು ಮೌನದಿಂದ ಶುರುವಾದದ್ದು. ಮೂರು ವಾರದ ಹಿಂದೆ ಮಗ ದಮಾರನಿಗೆ ಹೆಣ್ಣು ಕೇಳಲು ಪೆಕಲೋಂಗನ್‌ಗೆ ಹೋದಾಗ, ತಂದ ಉಡುಗೊರೆಯ ತಟ್ಟೆಗಳನ್ನೆಲ್ಲ ಒಪ್ಪಿಸಿ, ಹಿರಿಯರ ಮಾತು ಮುಗಿದು, ಎರಡೂ ಕಡೆಯವರು ಚಹಾದ ಲೋಟ ನೋಡುತ್ತ ಕೂತಿದ್ದರು. ಯಾರಾದರೂ ಏನಾದರೂ ಹೇಳಬಾರದೇ ಎಂದು ಪಲುಪಿಯ ಬೆನ್ನು ಬೆವರುತ್ತಿತ್ತು. ಆಗ ಹುಡುಗಿಯ ತಾಯಿಯ ಕೈಚೀಲದೊಳಗಿಂದ ರಣಭೇರಿ ಮೊಳಗಿತು. ಊರೆಲ್ಲ ಬು ರತ್ಮಿ, ಅಂದರೆ ರತ್ಮಿ ಅಮ್ಮ, ಎಂದು ಕರೆಯುವ ಆ ಹೆಂಗಸಿಗೆ ಬಟ್ಟೆಗೆ ಬಣ್ಣ ಹಾಕುವ ಕೊಪ್ಪರಿಗೆಗಳ ನಡುವೆ ಕೂಗಿ ಕೂಗಿ ಗಂಡಸಿನಂತಾದ ದನಿ, ಮೊಣಕೈವರೆಗೂ ತೊಳೆದರೂ ಹೋಗದ ನೀಲಿ ಕಲೆ. ಫೋನ್ ತೆಗೆದು, "ಕ್ಷಮಿಸಿ, ನನ್ನ ಕೋಟೆಗೆ ಯಾರೋ ನುಗ್ಗಿದಾರೆ" ಎಂದಳು. ಅವಳ ಮಗಳು ವೆನಿಂಗ್ ನಾಚಿಕೆಯಿಂದ ನೆಲಕ್ಕಿಳಿದು ಹೋದಳು. ಮತ್ತೆ ಮೌನ. ಆ ಮೌನವನ್ನು ಹೇಗಾದರೂ ಮಾಡಿ ತುಂಬಬೇಕೆಂಬ ಗಾಬರಿಯಲ್ಲಿ ಪಲುಪಿಯ ಬಾಯಿಂದ, "ನಾನೂ ಆಡ್ತೀನಿ" ಎಂಬ ಮಾತು ಬಿದ್ದುಹೋಯಿತು. ಬು ರತ್ಮಿಯ ಮುಖ ಅರಳಿದ್ದನ್ನು ಅವಳು ಇನ್ನೂ ಮರೆತಿಲ್ಲ. ಅಷ್ಟು ಹೊತ್ತು ತೂಗಿ ನೋಡುತ್ತಿದ್ದ ಕಣ್ಣುಗಳು ಒಮ್ಮೆಗೇ ಗೆಳತಿಯ ಕಣ್ಣುಗಳಾದವು. ಸುಳ್ಳಿಗೆ ಅಂಥ ಪ್ರೀತಿ ಸಿಗುತ್ತದೆಂದು ಗೊತ್ತಿದ್ದರೆ ಚಿಕ್ಕಂದಿನಿಂದಲೇ ಹೇಳುತ್ತಿದ್ದಳೇನೋ. ಪಕ್ಕದಲ್ಲಿ ದಮಾರ್ ಕೆಮ್ಮಿದ. ದಾರಿಯಲ್ಲಿ ಬರುವಾಗ, "ಅಮ್ಮಾ, ನಿನಗೆ ಫೋನಲ್ಲಿ ಅಲಾರಂ ಇಡೋಕೇ ಬರಲ್ವಲ್ಲ" ಎಂದ. ಅಂದಿನಿಂದ ಬು ರತ್ಮಿಯ ಸಂದೇಶಗಳು ದಿನವೂ ಬರುತ್ತಿದ್ದವು. ಕೋಟೆ ಎಷ್ಟನೇ ಹಂತ, ಬತ್ತದ ಕಣಜ ಕಟ್ಟಿದಿರಾ, ಸೈನ್ಯ ಎಷ್ಟು. ಪಲುಪಿ ಎಲ್ಲದಕ್ಕೂ ನಗುವ ಮುಖದ ಒಂದು ಚಿತ್ರ ಕಳಿಸುತ್ತಿದ್ದಳು. ಇಂದು ಬೆಳಿಗ್ಗೆ ಮಾತ್ರ ಚಿತ್ರ ಕಳಿಸಿ ತಪ್ಪಿಸಿಕೊಳ್ಳುವಂಥ ಮಾತಿರಲಿಲ್ಲ. "ಬಟ್ಟೆ ಆರಿಸೋಕೆ ಹೇಗೂ ಬರ್ತಿದೀರಲ್ಲ, ಇವತ್ತು ನಿಮ್ಮ ಬಣ ಯಾವುದು ಅಂತ ಕಣ್ಣಾರೆ ನೋಡ್ಲೇಬೇಕು. ಮನುಷ್ಯ ಯಾವ ಬಣ ತಗೋತಾನೆ ಅನ್ನೋದ್ರಲ್ಲೇ ಅವನ ಬಂಡವಾಳ ಗೊತ್ತಾಗುತ್ತೆ. ನನ್ನ ದೊಡ್ಡಳಿಯನನ್ನ ಹಾಗೇ ಒಪ್ಪಿದ್ದು." ಕೊನೆಗೆ ಮೂರು ನಗುವ ಮುಖಗಳು. ಎರಡಿದ್ದಿದ್ದರೆ ತಮಾಷೆ ಎಂದುಕೊಳ್ಳಬಹುದಿತ್ತು. ಮೂರು ಎಂದರೆ ಏನು?

"ಇನ್ನೂ ಆರಿಸ್ಲಿಲ್ವಾ?" ಎದುರು ಸೀಟಿನಿಂದ ದಮಾರ್ ಕೇಳಿದ. ಹೆಣ್ಣು ಕೇಳಿ ಬಂದ ದಿನವೇ ಆಟವನ್ನು ಅವಳ ಫೋನಿಗೆ ಹಾಕಿಕೊಟ್ಟವನು ಅವನೇ.

"ಓದ್ತಿದೀನಿ ಇರು."

"ಅದರಲ್ಲಿ ಓದೋಕೇನಿದೆ? ಗೋಡೆ ಬೇಕಾದ್ರೆ ಕಮ್ಮಾರ, ಬೇಹುಗಾರಿಕೆ ಬೇಕಾದ್ರೆ ಬಿಲ್ಲು. ಗಾಯ ಆದವರು ಬೇಗ ವಾಸಿ ಆಗ್ಬೇಕು ಅಂದ್ರೆ ಜೌಗು. ಬೆಂಕಿಕುದುರೆ ಬೇಡ, ಅದು ಹುಚ್ಚರಿಗೆ. ಗೋಡೆನೇ ಇರಲ್ಲ, ಬರೀ ನುಗ್ಗೋದು, ಸಾಯೋದು."

"ಅವರದ್ಯಾವುದು?"

"ಯಾರದ್ದು?"

"ಯಾರದ್ದು ಅಂತ ನಿನಗ್ಗೊತ್ತಿಲ್ವಾ?"

ದಮಾರ್ ತುಟಿ ಬಿಗಿದು ನಕ್ಕ. "ವೆನಿಂಗ್ ಆಣೆ ಹಾಕಿಸ್ಕೊಂಡಿದಾಳೆ, ಹೇಳ್ಬಾರ್ದು ಅಂತ."

"ಹೇಳ್ಬೇಡ ಬಿಡು." ಪಲುಪಿ ಪರದೆಗೆ ಮರಳಿದಳು. ಒಂದು ಸ್ಟೇಷನ್ ಹೋಯಿತು. "ಬೆಂಕಿಕುದುರೆನೇ ಇರ್ಬೇಕು. ಆ ದನಿಗೆ ಮತ್ತಿನ್ನೇನು."

"ಜೌಗು," ಎಂದ ದಮಾರ್, ಆಣೆಯನ್ನು ಕಿಟಕಿಯಿಂದಾಚೆ ಎಸೆದಷ್ಟು ಸಲೀಸಾಗಿ. "ಆರು ವರ್ಷದಿಂದ ಜೌಗು. ಎಂಬತ್ತು ಜನರ ದಂಡಿಗೆ ಯಜಮಾನಿ. ನೀನೂ ಅದನ್ನೇ ಒತ್ತಿಬಿಡು ಅಮ್ಮಾ, ಕೆಲಸ ಮುಗೀತು. ನಿನಗೆ ಹೇಳಿ ಮಾಡಿಸಿದ ಹಾಗಿದೆ. ಆ ಹೆಂಗಸಿನ ಮುಖ ನೋಡು, ಥೇಟ್ ನೀನೇ."

ಪಲುಪಿ ನೋಡಿದಳು. ಕಂದೀಲಿನ ಬೆಳಕಿನಲ್ಲಿ ವೈದ್ಯೆ ತಲೆಯನ್ನು ತುಸು ಓರೆ ಮಾಡಿ, ಎದುರಿನವರು ಏನು ಹೇಳಿದರೂ ಒಪ್ಪಿಕೊಳ್ಳುವವಳಂತೆ ನಿಂತಿದ್ದಳು. ಅವಳ ಹಿಂದೆ ಕತ್ತಲೆಯ ಜೌಗಿನಲ್ಲಿ ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು. ಟಪ್, ಟಪ್. ವರ್ಷಗಳ ಹಿಂದೆ, ಅಂದೂ ಇದೇ ಸದ್ದು. ನೀರಿನ ತೊಟ್ಟಿಯೊಳಗೆ ಪ್ಲಾಸ್ಟಿಕ್ ಚೊಂಬು ತೇಲುತ್ತಿತ್ತು, ಹಸಿರು ಬಣ್ಣದ್ದು, ಹಿಡಿ ಮುರಿದದ್ದು. ಗ್ರಂಥಾಲಯದ ಹಿಂಬದಿಯ ಕಕ್ಕಸಿನಲ್ಲಿ ಪಲುಪಿ ಚಿಲಕ ಹಾಕಿಕೊಂಡು ನಿಂತು ನಲವತ್ತು ನಿಮಿಷವಾಗಿತ್ತು. ಹೊರಗೆ ಎರಡು ಕಾಗದಗಳು ಮೇಜಿನಿಂದ ಮೇಜಿಗೆ ತಿರುಗುತ್ತಿದ್ದವು. ಒಂದರಲ್ಲಿ, ಯಾಯುಕ್ ಎಂಬವಳು ರೈಲುಹಳಿಯ ಪಕ್ಕದ ಗುಡಿಸಲುಗಳ ಮಕ್ಕಳಿಗೆ ಚೀಟಿಯಿಲ್ಲದೆ ಪುಸ್ತಕ ಕೊಟ್ಟು ಇಪ್ಪತ್ತಾರು ಪುಸ್ತಕ ಕಳೆದಳೆಂದೂ ಅವಳನ್ನು ಬೇರೆ ಕಡೆಗೆ ಕಳಿಸಬೇಕೆಂದೂ ಬರೆದಿತ್ತು. ಇನ್ನೊಂದರಲ್ಲಿ, ಬೇಡ, ಅವಳು ಇಲ್ಲಿಯೇ ಇರಲಿ ಎಂದು. ಯಾವುದಾದರೊಂದಕ್ಕೆ ಎಲ್ಲರೂ ಸಹಿ ಹಾಕಬೇಕಿತ್ತು. ಯಾಯುಕ್ ಅವಳ ಪಕ್ಕದ ಕುರ್ಚಿಯವಳು, ಮಧ್ಯಾಹ್ನದ ಡಬ್ಬಿಯಲ್ಲಿ ಮೊಟ್ಟೆಯ ಅರ್ಧ ಕೊಡುತ್ತಿದ್ದವಳು. ಆದರೆ ಮೊದಲ ಕಾಗದ ಬರೆಸಿದ ಮುಖ್ಯಸ್ಥರು ಕೂಡ ಕೆಟ್ಟವರಲ್ಲ, ದಮಾರ್ ಹುಟ್ಟಿದಾಗ ಮನೆಗೆ ಬಂದು ನೋಡಿಹೋದವರು. ಪಲುಪಿ ಗೋಡೆಯ ಮೇಲೆ ಹಲ್ಲಿಯೊಂದು ಬಾಗಿಲ ಚೌಕಟ್ಟಿನವರೆಗೆ ಹೋಗುವುದನ್ನೂ ಅಲ್ಲಿಂದ ಹಿಂದಿರುಗುವುದನ್ನೂ ನೋಡುತ್ತಿದ್ದಳು. ಆಗ ಯಾರೋ ಬಾಗಿಲನ್ನು ಮೆಲ್ಲಗೆ ಬಡಿದರು. "ಪಲುಪಿ, ಒಳಗಿದೀಯಾ?" ಅದು ಯಾಯುಕ್‌ಳ ದನಿ. ಸಹಿ ಕೇಳುವ ದನಿಯಲ್ಲ. ಮೈ ಹುಷಾರಿಲ್ಲವೇ ಎಂದು ವಿಚಾರಿಸುವ ದನಿ. ಪಲುಪಿ ಚೊಂಬು ಎತ್ತಿ ನೀರು ಸುರಿದಳು. ಅದೇ ಉತ್ತರ. ಮತ್ತೊಂದು ಚೊಂಬು ಸುರಿದಳು. ಹೆಜ್ಜೆಗಳು ದೂರವಾದವು. ಮುಂದಿನ ತಿಂಗಳು ಯಾಯುಕ್ ಬೆಟ್ಟದ ಮೇಲಿನ ಊರಿನ ಶಾಖೆಗೆ ಹೋದಳು. ಹೋಗುವ ದಿನ ಎಲ್ಲರಿಗೂ ಸಿಹಿ ಹಂಚಿ ಪಲುಪಿಗೆ ಎರಡು ಕೊಟ್ಟಳು.

"ಏನು, ಇನ್ನೂ ಅದೇ ನಡೀತಿದೆಯಾ?" ಪಕ್ಕದಲ್ಲಿ ಕರಿದ ತೋಫು ತಿನ್ನುತ್ತಿದ್ದ ಗಂಡ ಸುಂಕೊನೊ ಕತ್ತು ಚಾಚಿದ. ಒಳ್ಳೆಯ ಮನುಷ್ಯ. ಮನೆಯಲ್ಲಿ ಒಂಬತ್ತು ಬೆಳವನ ಹಕ್ಕಿ ಸಾಕಿದ್ದ. ಯಾವುದು ಯಾವಾಗ ಕೂಗುತ್ತದೆ, ಯಾವುದಕ್ಕೆ ಯಾವ ಕಾಳು ಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಹೋಟೆಲಿನಲ್ಲಿ ತನಗೆ ಬೇಕಾದ್ದು ಹೇಳಿ, "ಇವಳಿಗೂ ಅದೇ" ಎನ್ನುವುದು ಮದುವೆಯಾದ ವಾರದಲ್ಲಿ ಶುರುವಾದದ್ದು. ಅವಳು ಬೇಡವೆನ್ನಲಿಲ್ಲವಾದ್ದರಿಂದ ಅದು ಹಾಗೇ ಮುಂದುವರಿದಿತ್ತು. ಕಿಟಕಿ ಪರದೆಯ ಬಣ್ಣ, ಮನೆಯ ಬಾಗಿಲು ತೆರೆಯುವ ದಿಕ್ಕು, ಮಗನ ಹೆಸರು, ಎಲ್ಲ ಅವನದೇ ಆಯ್ಕೆ. "ನನಗೆ ಯಾವುದಾದ್ರೂ ಸರಿ" ಎಂದು ಅವಳು ಎಷ್ಟು ಸಲ ಹೇಳಿದ್ದಳೆಂದರೆ ಗ್ರಂಥಾಲಯದ ಹೊಸ ಹುಡುಗಿಯರು ಬೆನ್ನ ಹಿಂದೆ ಅವಳನ್ನು ಬು ಯಾವುದಾದ್ರೂ ಎಂದು ಕರೆಯುತ್ತಿದ್ದುದನ್ನು ಅವಳೇ ಒಂದು ದಿನ ಕಪಾಟಿನ ಮರೆಯಿಂದ ಕೇಳಿಸಿಕೊಂಡು, ಅವರಿಗೆ ಗೊತ್ತಾಗದಿರಲೆಂದು ಚಪ್ಪಲಿ ಕೈಯಲ್ಲಿ ಹಿಡಿದು ಆಚೆ ದಾಟಿದ್ದಳು.

"ನೀಲಿದೇ ಚೆನ್ನಾಗಿದೆ ಇವಳೇ, ಕಣ್ಣಿಗೆ ತಂಪು," ಎಂದು ಸುಂಕೊನೊ ಎಣ್ಣೆಗೈಯ ತೋರುಬೆರಳನ್ನು ಪರದೆಯತ್ತ ತಂದ. "ಇದನ್ನೇ ಒತ್ತೋದಾ?"

"ಮುಟ್ಬೇಡಿ!"

ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೂರು ಸಾಲು ಮುಂದೆ ಮಲಗಿದ್ದ ಮಗುವೊಂದು ಎದ್ದು ಕೂತಿತು. ಅಷ್ಟು ಎತ್ತರದ ದನಿ ತನ್ನ ಗಂಟಲಿನದೇ ಎಂದು ಪಲುಪಿಗೆ ನಂಬಲಾಗಲಿಲ್ಲ. ಫೋನನ್ನು ಅವಳು ಎದೆಗೆ ಅವುಚಿಕೊಂಡಿದ್ದಳು, ಯಾರೋ ಕಳ್ಳ ಕೈ ಹಾಕಿದನೆಂಬಂತೆ. ಸುಂಕೊನೊನ ಬೆರಳು ಗಾಳಿಯಲ್ಲೇ ನಿಂತಿತ್ತು.

"ನಾನೇನು ಮಾಡ್ದೆ?" ಎಂದ ಅವನು.

"ಏನಿಲ್ಲ ರೀ. ತಿನ್ನಿ ನೀವು." ಅವಳು ಸ್ಕಾರ್ಫಿನ ಅಂಚು ಎಳೆದು ಸರಿ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಹಳಿಗೆ ತಾಗಿಯೇ ಸಮುದ್ರ ಬಂದಿತ್ತು, ಬೂದುಬಣ್ಣದ ಸಣ್ಣ ಅಲೆಗಳು, ದೂರದಲ್ಲಿ ಮೀನಿನ ದೋಣಿ. ನಾಚಿಕೆಯಾಗಬೇಕಿತ್ತು, ಆಗುತ್ತಲೂ ಇತ್ತು. ಆದರೆ ಅದರ ಅಡಿಯಲ್ಲೆಲ್ಲೋ, ಬಿಗಿಯಾದ ಕುಪ್ಪಸದ ಹುಕ್ಕು ಬಿಚ್ಚಿದಂಥ ಒಂದು ಹಗುರ. ಅವಳಿಗೆ ನಗು ಬಂತು. ಕಿಟಕಿಯ ಗಾಜಿನಲ್ಲಿ ನಗುತ್ತಿರುವ ತನ್ನ ಮುಖವನ್ನು ಕದ್ದು ನೋಡಿದಳು. ಹಿಂದಿನಿಂದ ಸುಂಕೊನೊ ಮಗನಿಗೆ ಪಿಸುಗುಟ್ಟುವುದು ಕೇಳಿಸಿತು. "ಆ ಆಟದಲ್ಲಿ ಗೆದ್ರೆ ಏನು ಕೊಡ್ತಾರೋ?" ದಮಾರ್, "ಏನೂ ಕೊಡಲ್ಲ ಅಪ್ಪಾ" ಎಂದ. "ಮತ್ತೆ?" ಎಂದ ಸುಂಕೊನೊ.

ಆದರೂ ಆರಿಸಲಾಗಲಿಲ್ಲ. ಜೌಗು ಎಂದು ಒತ್ತಿದರೆ ಬೀಗಿತ್ತಿಗೆ ಸಂತೋಷವಾಗುತ್ತದೆಂದು ಗೊತ್ತಿದ್ದೂ ಹೆಬ್ಬೆರಳು ಇಳಿಯಲಿಲ್ಲ. ಟಪ್, ಟಪ್ ಎಂದು ಆ ನೀರು ತೊಟ್ಟಿಕ್ಕುತ್ತಲೇ ಇತ್ತು. ಅಷ್ಟರಲ್ಲಿ ಪೆಕಲೋಂಗನ್ ಬಂತು.

ಬು ರತ್ಮಿಯ ಮನೆಯೆಂದರೆ ಮುಂದೆ ಜಗಲಿ, ಹಿಂದೆ ಬಟ್ಟೆಗೆ ಬಣ್ಣ ಹಾಕುವ ದೊಡ್ಡ ಅಂಗಳ. ಮೇಣ ಕಾಯುವ ವಾಸನೆ ಬೀದಿಯ ತಿರುವಿನಲ್ಲೇ ಮೂಗಿಗೆ ಬಡಿಯುತ್ತಿತ್ತು. ಸೆಮಾರಾಂಗಿನಿಂದ ತಂದ ಬಂಡೆಂಗ್ ಮೀನಿನ ಪೊಟ್ಟಣವನ್ನು ಪಲುಪಿ ಎರಡೂ ಕೈಯಿಂದ ಒಪ್ಪಿಸಿದಳು. ಬು ರತ್ಮಿ ಅದನ್ನು ಮೂಸಿ, "ಆಹಾ, ಮುಳ್ಳೂ ಕರಗೋ ಹಾಗೆ ಬೆಂದಿದೆ. ಬನ್ನಿ ಬೀಗರೇ, ಬನ್ನಿ ಬು ಪಲುಪಿ, ಕೂತ್ಕೊಳ್ಳಿ" ಎಂದು ಮನೆ ನಡುಗುವಂತೆ ಕರೆದಳು. ಚಹಾ ಬಂತು. ವೆನಿಂಗ್ ಬಂದು ಅತ್ತೆಯಾಗುವವಳ ಕೈಯನ್ನು ಹಣೆಗೊತ್ತಿಕೊಂಡು ಹೋಗಿ ದಮಾರನಿಂದ ಎರಡು ಕುರ್ಚಿ ಬಿಟ್ಟು ಕೂತಳು. ಬು ರತ್ಮಿಯ ಫೋನು ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿ ನಿಂತಿತ್ತು. ಮದುವೆಯ ದಿನ ಬೀಗಿತ್ತಿಯರಿಬ್ಬರೂ ಒಂದೇ ಬಗೆಯ ಬಾಟಿಕ್ ಉಡಬೇಕು; ಮೂರು ಬಟ್ಟೆಗಳನ್ನು ಬು ರತ್ಮಿ ಒಂದೊಂದಾಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಹರಡಿದಳು. ಒಂದು ಕಂದು, ಒಂದು ಹೆಚ್ಚು ಕಂದು. ಮೂರನೆಯದರಲ್ಲಿ ಕಂದಿನ ನಡುವೆ ದಾಳಿಂಬೆ ಕೆಂಪು.

"ಹೇಳಿ, ಯಾವುದು?"

"ಎಲ್ಲಾ ಚೆನ್ನಾಗಿವೆ. ನೀವೇ ಮಾಡಿದ್ದಲ್ವಾ. ನನಗೆ ಯಾವುದಾದ್ರೂ ಸರಿ."

"ಯಾವುದಾದ್ರೂ ಅಂದ್ರೆ ಯಾವುದು?"

"ನಿಮಗೆ ಯಾವುದು ಇಷ್ಟವೋ ಅದು."

ಬು ರತ್ಮಿ ಕೆಂಪು ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ದನಿ ತಗ್ಗಿಸಿ ಮಾತಾಡಿದಳು. ಅವಳ ತಗ್ಗಿದ ದನಿ ಬೇರೆಯವರ ಮಾಮೂಲಿ ದನಿಯಷ್ಟಿತ್ತು. "ಬೇಜಾರು ಮಾಡ್ಕೋಬೇಡಿ, ಒಂದು ಮಾತು. ನನ್ನತ್ತೆನೂ ಹೀಗೇ ಇದ್ರು. ಹದಿನೆಂಟು ವರ್ಷ ಒಟ್ಟಿಗಿದ್ವಿ. ಒಂದಿನಾನೂ ಇದು ಬೇಡ, ಅದು ಬೇಕು ಅನ್ಲಿಲ್ಲ. ಏನು ಅಡುಗೆ ಮಾಡ್ಲಿ ಅಂದ್ರೆ ಯಾವುದಾದ್ರೂ. ಎಲ್ಲಿಗೆ ಹೋಗೋಣ ಅಂದ್ರೆ ಯಾವುದಾದ್ರೂ. ಜನ ಎಲ್ಲಾ, ಅಯ್ಯೋ ನಿನ್ನತ್ತೆ ಹಸು ಅಂತಿದ್ರು. ನಾನು ಮಾತ್ರ ರಾತ್ರಿ ಹಗಲು ಅವರ ಮುಖ ನೋಡಿ ನೋಡಿ, ಇದು ಇಷ್ಟ ಆಯ್ತಾ, ಇಲ್ವಾ, ನನ್ನ ಮೇಲೆ ಕೋಪನಾ ಅಂತ ಊಹೆ ಮಾಡಿ ಮಾಡಿ ಸುಸ್ತಾದೆ. ಸಾಯೋ ಹಿಂದಿನ ವಾರ ಹೇಳಿದ್ರು ಕಣ್ರೀ, ನನಗೆ ಹಲಸಿನಕಾಯಿ ಪಲ್ಯ ಮೊದ್ಲಿಂದ್ಲೂ ಆಗಲ್ಲ ಅಂತ. ಹದಿನೆಂಟು ವರ್ಷ, ವಾರಕ್ಕೆ ಮೂರು ಸಲ ಬಡಿಸಿದೀನಿ ನಾನು!"

"ಅಮ್ಮಾ," ಎಂದಳು ವೆನಿಂಗ್.

"ಇರೇ, ತಮಾಷೆಗೆ ಹೇಳ್ದೆ." ಬು ರತ್ಮಿ ನಕ್ಕಳು. ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಉಳಿದ ನಾಲ್ವರಿಗೂ ಅದು ಗೊತ್ತಾಯಿತು.

ಪಲುಪಿ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಇಷ್ಟು ವರ್ಷ ತಾನು ಯಾರಿಗೂ ಭಾರವಾಗದೆ ಬದುಕಿದೆ ಎಂದುಕೊಂಡಿದ್ದಳು. ದಾರಿಯಲ್ಲಿ ಎದುರಾದವರಿಗೆ ಗೋಡೆಗೆ ಒತ್ತಿ ನಿಂತು ಜಾಗ ಬಿಟ್ಟುಕೊಡುವವಳಂತೆ. ಈಗ ನೋಡಿದರೆ ಅವಳು ಬಿಟ್ಟುಕೊಟ್ಟದ್ದನ್ನೆಲ್ಲ ಯಾರೋ ಹೊತ್ತುಕೊಂಡೇ ನಡೆದಿದ್ದಾರೆ. ತೋಫು ತಿನ್ನುವ ಸುಂಕೊನೊ, ಇವಳಿಗೂ ಅದೇ, ಇವಳಿಗೂ ಅದೇ ಎಂದು ಮೂವತ್ತೆರಡು ವರ್ಷ ಇಬ್ಬರ ಬಾಯಿಗೂ ಒಬ್ಬನೇ ರುಚಿ ಹುಡುಕಿದವನು. ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿಸಿಕೊಂಡ ಯಾಯುಕ್. ವೆನಿಂಗ್ ಕೂಡ ನಾಳೆಯಿಂದ ತನ್ನ ಮುಖ ನೋಡಿ ನೋಡಿ ಉಪ್ಪು ಹೆಚ್ಚಾಯಿತೇ ಎಂದು ಊಹಿಸಬೇಕೇ? ಹುಡುಗಿ ಈಗಲೂ ನೋಡುತ್ತಿದ್ದಳು, ದೊಡ್ಡ ಕಣ್ಣು ಮಾಡಿಕೊಂಡು, ತಾಯಿಯ ಮಾತಿಗೆ ಅತ್ತೆಗೆ ನೋವಾಯಿತೇ ಎಂದು.

"ಬು ರತ್ಮಿ," ಎಂದಳು ಪಲುಪಿ. "ನಾನು ಆ ಆಟ ಆಡಲ್ಲ."

"ಅಂದ್ರೆ? ಬಿಟ್ಬಿಟ್ರಾ?"

"ಶುರುನೇ ಮಾಡಿಲ್ಲ. ಆವತ್ತು ಸುಳ್ಳು ಹೇಳ್ದೆ. ಎಲ್ಲರೂ ಸುಮ್ಮನೆ ಕೂತಿದ್ರಲ್ಲ, ನನಗೆ ಭಯ ಆಯ್ತು. ಕೋಟೆ ಇಲ್ಲ, ಕಣಜ ಇಲ್ಲ, ಸೈನ್ಯನೂ ಇಲ್ಲ." ಅವಳು ಫೋನು ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ಬಾವುಟಗಳು ಹಾಗೇ ಹಾರಾಡುತ್ತಿದ್ದವು. "ಬಣ ಆರಿಸೋದ್ರಲ್ಲೇ ಮೂರು ವಾರ ಆಯ್ತು."

ಸಕ್ಕರೆ ಡಬ್ಬಿಯ ಕಡೆಯಿಂದ ಕಿಸಕ್ಕೆಂದು ಯಾರೋ ನಕ್ಕರು.

ಬು ರತ್ಮಿ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಆಟದ ಮಾತಿನ ಕೋಣೆ ತೆರೆದೇ ಇದೆ! ನನ್ನ ದಂಡಿನವರು ನಿಮ್ಮನ್ನ ಸ್ವಾಗತ ಮಾಡ್ತೀವಿ ಅಂತ ಬೆಳಿಗ್ಗೆಯಿಂದ ಕಾಯ್ತಿದಾರೆ ಕಣ್ರೀ. ನನ್ನ ಬೀಗಿತ್ತಿ ದೊಡ್ಡ ಆಟಗಾರ್ತಿ ಅಂತ ನಾನು ಡಂಗುರ ಹೊಡೆದಿದ್ದೆ."

"ಎಷ್ಟು ಜನ ಇದಾರೆ?" ಎಂದಳು ಪಲುಪಿ.

"ಮೂವತ್ತೊಂದು," ಎಂದಿತು ಫೋನು, ಗಂಡಸಿನ ದನಿಯಲ್ಲಿ. "ನಮಸ್ಕಾರ ಬು. ನಾನು ಮಕಸ್ಸರ್‌ನವನು, ಹಲ್ಲಿನ ಡಾಕ್ಟ್ರು. ಹೆದರ್ಕೋಬೇಡಿ, ನಾನು ಶುರು ಮಾಡಿದ್ದೂ ಹೆಂಡತಿ ಹತ್ರ ಸುಳ್ಳು ಹೇಳಿಯೇ."

"ಬು, ಜೌಗು ತಗೊಳ್ಳಿ, ನಮ್ಮ ಕಡೆ ಬನ್ನಿ!" ಯಾರೋ ಹೆಂಗಸು.

"ಬೇಡ, ಕಮ್ಮಾರ ತಗೊಳ್ಳಿ, ಹೊಸಬರಿಗೆ ಸುಲಭ."

"ಸುಮ್ನಿರಯ್ಯ, ದನಿ ಕೇಳಿದ್ರೆ ಗೊತ್ತಾಗಲ್ವಾ? ಇವರು ಜೌಗಿಗೇ ಹುಟ್ಟಿದವರು. ಎಷ್ಟು ಮೃದು!"

"ಬಿಲ್ಲು! ಬಿಲ್ಲು!"

ಮೂವತ್ತೊಂದು ಜನ ಒಟ್ಟಿಗೆ ಮಾತಾಡತೊಡಗಿದರು. ಬು ರತ್ಮಿ ಫೋನಿಗೆ ಬಾಯಿ ಹಚ್ಚಿ ಅವರನ್ನೆಲ್ಲ ಮೀರಿಸಿ ಕೂಗಿದಳು. "ಬಾಯಿ ಮುಚ್ಚಿ ಎಲ್ಲರೂ! ನನ್ನ ಬೀಗಿತ್ತಿ, ನಾನು ಹೇಳ್ತೀನಿ. ಜೌಗೇ! ಬು ಪಲುಪಿ, ಒತ್ತಿ, ಕೂಡ್ಲೇ ನಮ್ಮ ದಂಡಿಗೆ ಸೇರಿಸ್ಕೋತೀನಿ, ನಿಮ್ಮ ಕೋಟೆ ನಾವೇ ಕಟ್ಟಿಕೊಡ್ತೀವಿ, ನೀವು ಕೈ ಕಟ್ಕೊಂಡು ಕೂತಿದ್ರೆ ಸಾಕು." ದಮಾರ್, "ಹೂಂ ಅಮ್ಮಾ, ಒತ್ತು" ಎಂದ. ಸುಂಕೊನೊ ಮಾತ್ರ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಪಲುಪಿ ಪರದೆಯನ್ನು ನೋಡಿದಳು. ಈ ಗಲಾಟೆಯ ನಡುವೆ ಅವಳಿಗೆ ಒಂದು ವಿಷಯ ಹೊಳೆದು ನಗು ಬಂತು. ಮೂರು ವಾರದಿಂದ ಅವಳು ಬಿಟ್ಟು ಬಂದವರ ಬೇಸರಕ್ಕೆಂದು ಮತ್ತೆ ಮತ್ತೆ ಮುಟ್ಟಿದ್ದು ಕಮ್ಮಾರನನ್ನು, ಬಿಲ್ಲುಗಾರ್ತಿಯನ್ನು, ವೈದ್ಯೆಯನ್ನು. ಆ ಗಾಯದ ಕೆನ್ನೆಯವಳನ್ನು ಸಮಾಧಾನ ಮಾಡಲು ಒಂದು ಸಲವೂ ಹೋಗಿರಲಿಲ್ಲ. ಅವಳ ಹತ್ತಿರ ಹೋದಾಗಲೆಲ್ಲ ಬರೀ ಆಸೆಯಿಂದ ಹೋಗಿದ್ದಳು. ಬೆಳಿಗ್ಗೆ ಪಾತ್ರೆ ತೊಳೆಯುವಾಗ, ಕೌಂಟರಿನಲ್ಲಿ ಯಾರೂ ಇಲ್ಲದಾಗ, ಸುಮ್ಮನೆ ಆ ನಗು ಕೇಳಲಿಕ್ಕೆ. ಅದು ಹುಚ್ಚರ ಬಣ. ಗೋಡೆಯಿಲ್ಲ, ತನ್ನನ್ನು ಕಾಪಾಡಿಕೊಳ್ಳುವ ಮಾತಿಲ್ಲ. ಅದಕ್ಕೇ ಯಾರೂ ಅದನ್ನು ತಗೋ ಎಂದಿರಲಿಲ್ಲ, ಅವಳೂ ಅದು ಬೇಕೆಂದಿರಲಿಲ್ಲ.

ಕೆಂಪು ಬಾವುಟದ ಮೇಲೆ ಹೆಬ್ಬೆರಳು ಇಟ್ಟಳು. ಖಚಿತವೇ ಎಂದು ಆಟ ಕೇಳಿತು. ಖಚಿತ.

ಕುದುರೆ ಕೆನೆದ ಸದ್ದಿಗೆ ಫೋನಿನೊಳಗಿನ ಮೂವತ್ತೊಂದು ಜನವೂ ಒಮ್ಮೆಗೇ ತೆಪ್ಪಗಾದರು.

"ಅದು..." ಎಂದ ಹಲ್ಲಿನ ಡಾಕ್ಟರು. "ಯಜಮಾನ್ತೀರೇ, ಅದು ಬೆಂಕಿಕುದುರೆ ಸದ್ದಲ್ವಾ?"

ಬು ರತ್ಮಿ ಬಗ್ಗಿ ನೋಡಿದಳು. ಪಲುಪಿಯ ಪರದೆಯ ಮೇಲೆ ಒಣಹುಲ್ಲಿನ ಬಯಲಿನ ನಡುವೆ ಒಂದು ಗುಡಾರ, ಹನ್ನೆರಡು ಕುದುರೆ. ಇಷ್ಟೇ ಅವಳ ರಾಜ್ಯ. ಬು ರತ್ಮಿಯ ಹುಬ್ಬುಗಳು ಮೇಲೇರಿದವು, ಹಾಗೇ ನಿಂತವು. "ನಮ್ಮ ಜೌಗಿಗೆ ಮೂಲ ವೈರಿಗಳು ಅವರು. ಗೊತ್ತಾ ನಿಮಗೆ?"

"ಗೊತ್ತಿರ್ಲಿಲ್ಲ," ಎಂದಳು ಪಲುಪಿ. ಗಾಬರಿಯಾಗಲೆಂದು ಕಾದಳು. ಆಗಲಿಲ್ಲ. "ಆದ್ರೂ ಇದೇ ಬೇಕು. ನಿಮ್ಮ ಕೋಟೆ ಎಲ್ಲಿದೆ?"

"ಯಾಕೆ?"

"ನೋಡ್ಬೇಕಿತ್ತು."

ಬು ರತ್ಮಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಇಣುಕಿ ನೋಡುವಂತೆ, ಹೊಟ್ಟೆ ಕುಲುಕಿಸಿ ನಗತೊಡಗಿದಳು. ಕಣ್ಣೀರು ಒರೆಸಿಕೊಳ್ಳುತ್ತ ಮಗಳ ತೊಡೆಗೆ ಹೊಡೆದಳು. "ವೆನಿಂಗ್, ಕೇಳಿಸ್ಕೊಂಡ್ಯಾ? ನಿನ್ನತ್ತೆ ನನ್ನ ಮನೇಲಿ ಕೂತ್ಕೊಂಡು, ನನ್ನ ಚಹಾ ಕುಡೀತಾ, ನನ್ನ ಕೋಟೆ ಎಲ್ಲಿದೆ ಅಂತ ಕೇಳ್ತಿದಾಳೆ. ನನಗೆ ನಿದ್ದೆ ಬರುತ್ತೆ ಬಿಡು ಇನ್ನು. ನಿನ್ನ ಬಗ್ಗೆ ಚಿಂತೆ ಇಲ್ಲ." ಕುರ್ಚಿಯನ್ನು ದರದರ ಎಳೆದುಕೊಂಡು ಪಲುಪಿಯ ಭುಜಕ್ಕೆ ಭುಜ ತಾಗಿಸಿ ಕೂತಳು. "ಇಲ್ಲಿ, ನಕ್ಷೆ ತೆಗೀರಿ. ಉತ್ತರಕ್ಕೆ ಹೋಗಿ. ಇನ್ನೂ ಉತ್ತರಕ್ಕೆ. ಆ ನದಿ ದಾಟಿ. ಹಾಂ, ಅದು. ಆ ನಾಲ್ಕು ಗೋಪುರ ನನ್ನದೇ."

ಗೋಪುರಗಳ ಸುತ್ತ ನೀಲಿ ನೀರು, ಸಾಲು ಸಾಲು ಕಾವಲುಗಾರರು, ಹಿಂಬದಿಯಲ್ಲಿ ಹೊಲ. ಪಲುಪಿ ಅದರ ಮೇಲೆ ಬೆರಳಿಟ್ಟಳು. ಪರದೆ ಎಚ್ಚರಿಸಿತು: ಹೊಸಬರಿಗೆ ಮೂರು ದಿನ ರಕ್ಷಣೆಯಿದೆ, ನೀವಾಗಿ ದಾಳಿ ಮಾಡಿದರೆ ಆ ರಕ್ಷಣೆ ಹೋಗುತ್ತದೆ, ಮುಂದುವರಿಯಬೇಕೇ?

"ಬೇಡ ಅಮ್ಮಾ!" ದಮಾರ್ ಎದ್ದು ನಿಂತ. "ಹನ್ನೆರಡೇ ಕುದುರೆ ಇರೋದು. ಅವರ ಹತ್ರ ನಲವತ್ತು ಸಾವಿರ ಇದೆ. ಒಂದು ಸಲ ಓದಿ ನೋಡು ಅದನ್ನ."

ಪಲುಪಿ ಓದಲಿಲ್ಲ. ಹೌದು ಎಂದು ಒತ್ತಿದಳು. ಹನ್ನೆರಡು ಕುದುರೆಗಳು ಜೂಲು ಉರಿಸುತ್ತ ನದಿ ದಾಟಿದವು, ಗೋಪುರದ ಬುಡ ಮುಟ್ಟುವ ಮೊದಲೇ ಹನ್ನೆರಡೂ ಉರುಳಿದವು. ಬು ರತ್ಮಿ ಮೇಜು ಗುದ್ದಿ ಕುಣಿದಳು. "ಮುಗೀತು! ಬೀಗಿತ್ತಿ ಸೈನ್ಯ ಮುಗೀತು!" ಮಕಸ್ಸರ್‌ನಿಂದ ಹಿಡಿದು ಎಲ್ಲೆಲ್ಲಿಂದಲೋ ಮೂವತ್ತೊಂದು ಜನ ಚಪ್ಪಾಳೆ ತಟ್ಟಿದರು.

"ಹೊಸ ಕುದುರೆ ಹೇಗೆ ಮಾಡೋದು?" ಎಂದಳು ಪಲುಪಿ.

"ಆ ಗುಡಾರ ಒತ್ತಿ. ಎರಡು ನಿಮಿಷ ಕಾಯ್ಬೇಕು." ಹೇಳಿಕೊಟ್ಟವಳು ಬು ರತ್ಮಿಯೇ. "ಅಷ್ಟರಲ್ಲಿ ಊಟ ಬಡಿಸ್ಲಾ? ಹಲಸಿನಕಾಯಿ ಪಲ್ಯ ಇದೆ."

"ಊಟ ಆಮೇಲೆ," ಎಂದಳು ಪಲುಪಿ, ಪರದೆಯಿಂದ ಕಣ್ಣು ತೆಗೆಯದೆ.

ಸುಂಕೊನೊಗೆ ಹಸಿವಾಗಿತ್ತು. ಅವನು ಹೆಂಡತಿಯನ್ನು ನೋಡಿದ, ಬೀಗಿತ್ತಿಯನ್ನು ನೋಡಿದ. ಆಮೇಲೆ ಮಗನನ್ನೂ ವೆನಿಂಗ್‌ಳನ್ನೂ ಕರೆದುಕೊಂಡು ತಾನೇ ಅಡುಗೆಮನೆ ಹುಡುಕಿಕೊಂಡು ಹೋದ. ಒಳಗಿನಿಂದ ತಟ್ಟೆಗಳ ಸದ್ದು, ವೆನಿಂಗ್‌ಳ ನಗು. ಜಗಲಿಯಲ್ಲಿ ಇಬ್ಬರು ಹೆಂಗಸರು ತಲೆಗೆ ತಲೆ ತಾಗಿಸಿ ಗಡಿಯಾರದ ಮುಳ್ಳು ನೋಡುವವರಂತೆ ಕೂತಿದ್ದರು. ಎರಡನೆಯ ಹನ್ನೆರಡು ನದಿಯಲ್ಲೇ ಸತ್ತವು. ಮೂರನೆಯ ಸಲ ಪಲುಪಿ ಗೋಪುರಗಳ ಕಡೆ ಹೋಗಲೇ ಇಲ್ಲ. ಸುತ್ತು ಬಳಸಿ, ಹಿಂಬದಿಯ ಹೊಲಕ್ಕೆ ಕುದುರೆ ಬಿಟ್ಟಳು.

"ಏಯ್," ಎಂದಳು ಬು ರತ್ಮಿ. "ಏಯ್, ಅಲ್ಲಿ ಯಾರೂ ಕಾವಲಿಲ್ಲ!"

ಹನ್ನೊಂದು ಕುದುರೆಗಳು ದಾರಿಯಲ್ಲೇ ಬಿದ್ದವು. ಹನ್ನೆರಡನೆಯದು ಹೊಲ ತಲುಪಿತು. ಬೀಗಿತ್ತಿಯ ಆರು ವರ್ಷದ ರಾಜ್ಯದ ಅಂಚಿನಲ್ಲಿ ಒಂದು ಹುಲ್ಲಿನ ಬಣವೆ ಧಗ್ಗನೆ ಹೊತ್ತಿಕೊಂಡಿತು.